ಮೂರನೆಯ ಪೆಡಲ್

ಆ ಗಾಡಿಗೆ ಎರಡೇ ಪೆಡಲ್ ಇದ್ದವು. ಆ ಕಾರಣಕ್ಕೇ ಅದು ನಮ್ಮ ಮನೆಗೆ ಬಂತು.

ಅರವತ್ತರ ದಶಕದ ಮೊದಲ ವರ್ಷಗಳು. ಅಪ್ಪಯ್ಯ ಹೊನ್ನಾವರದಲ್ಲಿ ಡಾಕ್ಟರು. ಅವರ ಪೇಷಂಟುಗಳಲ್ಲಿ ಅರ್ಧದಷ್ಟು ಜನ ಶರಾವತಿಯ ಆಚೆ ದಡದವರು. ಮಂಕಿಯಿಂದ ಭಟ್ಕಳದ ತನಕ ಅಪ್ಪಯ್ಯನಿಗೆ ತಿರುಗಾಟ. ಭಟ್ಕಳದ ಸಾಹುಕಾರರೊಬ್ಬರು, ಮುಂಬಯಿಯಲ್ಲಿ ವ್ಯಾಪಾರ ಇದ್ದವರು, ಸ್ವದೇಶಕ್ಕೆ ಮರಳುತ್ತಿದ್ದ ಯಾವನೋ ದೊರೆಯಿಂದ ಈ ಅಮೆರಿಕನ್ ಕಾರನ್ನು ಕೊಂಡು ತಂದಿದ್ದರು. ಕೆನೆಯ ಬಣ್ಣ, ಸೋಫಾದಂಥ ಸೀಟು, ಹಡಗಿನಂಥ ಬಾನೆಟ್. ಗೇರು ತನ್ನಷ್ಟಕ್ಕೆ ತಾನೇ ಬದಲಾಗುತ್ತಿತ್ತು, ಕಂಪ್ಲೀಟ್ಲಿ ಆಟೊಮ್ಯಾಟಿಕ್. ಆದರೆ ನಮ್ಮ ಕಡೆಯ ಡ್ರೈವರುಗಳೆಲ್ಲ ಕ್ಲಚ್ ತುಳಿದು ಕಲಿತವರು. ಗಾಡಿ ಸ್ವಲ್ಪ ವೇಗ ಪಡೆಯುತ್ತಲೇ ಅವರ ಎಡಗಾಲು ಅಭ್ಯಾಸಬಲದಿಂದ ಕ್ಲಚ್ ಹುಡುಕುತ್ತಿತ್ತು. ಸಿಗುತ್ತಿದ್ದದ್ದು ಹಲಗೆಯಷ್ಟು ಅಗಲದ ಬ್ರೇಕು.

"ಡಾಕ್ಟರ್ ಸಾಬ್, ಇದು ಗಾಡಿಯಲ್ಲ, ಮೊಂಡು ಕುದುರೆ," ಎಂದಿದ್ದರಂತೆ ಸಾಹುಕಾರರು ಹಣೆಯ ಬುಗುಟು ಸವರಿಕೊಳ್ಳುತ್ತ. "ತಾನು ನಿಂತಲ್ಲೇ ನಿಲ್ತದೆ, ನಮ್ಮನ್ನ ಮಾತ್ರ ಮುಂದೆ ಕಳಸ್ತದೆ. ನೀವೇ ತಗೊಂಡು ಹೋಗಿ."

ಅಪ್ಪಯ್ಯನ ಎಡಗಾಲೂ ಅದೇ ಶಾಲೆಯಲ್ಲಿ ಕಲಿತದ್ದು. ಎರಡು ವಾರದಲ್ಲಿ ಅವರ ಕನ್ನಡಕ ಎರಡು ಸಲ ಒಡೆಯಿತು.

ನಾನು ಆಗಷ್ಟೇ ಬೆಳಗಾವಿಯ ಕಾನ್ವೆಂಟಿನಿಂದ ಓದು ಮುಗಿಸಿ ಬಂದಿದ್ದೆ. ಹತ್ತೊಂಬತ್ತು ವರ್ಷ. ನಾಲ್ಕನೆಯ ವಯಸ್ಸಿನಲ್ಲಿ ಬಂದ ಪೋಲಿಯೊ ನನ್ನ ಎಡಗಾಲನ್ನು ತೆಗೆದುಕೊಂಡು ಹೋಗಿತ್ತು. ಸೊಂಟದಿಂದ ಪಾದದ ತನಕ ಕಬ್ಬಿಣದ ಸರಳು, ಚರ್ಮದ ಪಟ್ಟಿ. ಅದಕ್ಕೆ ಕ್ಯಾಲಿಪರ್ ಎನ್ನುತ್ತಿದ್ದರು. ಹೀಗಿರುವ ಹುಡುಗಿಗೆ ಮದುವೆ ಕಷ್ಟ, ಇಂಗ್ಲಿಷ್ ಆದರೂ ಇರಲಿ ಎಂದೇ ನನ್ನನ್ನು ಕಾನ್ವೆಂಟಿಗೆ ಕಳಿಸಿದ್ದು. ಮನೆಯಲ್ಲಿ ಯಾರೂ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೆ.

ಕಾರಿನ ಗ್ಲೋವ್ ಬಾಕ್ಸಿನಲ್ಲಿ ಅದರ ಪುಸ್ತಕವಿತ್ತು. ಮಾಡಲು ಬೇರೆ ಕೆಲಸವಿಲ್ಲದೆ ಅದನ್ನು ಮೊದಲಿನಿಂದ ಕೊನೆಯ ತನಕ ಓದಿದೆ. ಸಿಸ್ಟರುಗಳು ಕಲಿಸಿದಂತೆ ಮುಖ್ಯವಾದ ಸಾಲುಗಳಿಗೆಲ್ಲ ಸ್ಕೇಲ್ ಇಟ್ಟು ಪೆನ್ಸಿಲಿನಿಂದ ಅಂಡರ್‌ಲೈನ್ ಮಾಡಿದೆ. ಓದಿ ಮುಗಿಸಿದ ದಿನ ಅಪ್ಪಯ್ಯನಿಗೆ ಹೇಳಿದೆ, ಈ ಗಾಡಿ ಓಡಿಸಲು ಒಂದೇ ಕಾಲು ಸಾಕು ಎಂದು.

ಅವರು ಕೀಲಿಯನ್ನು ನನ್ನ ಮುಂದೆ ಮೇಜಿನ ಮೇಲಿಟ್ಟರು.

ಒಂದು ವಾರದಲ್ಲಿ ಕಲಿತೆ. ನನ್ನ ಎಡಗಾಲು ಏನನ್ನೂ ಕಲಿತಿರಲಿಲ್ಲ, ಹಾಗಾಗಿ ಮರೆಯಬೇಕಾದದ್ದೂ ಏನೂ ಇರಲಿಲ್ಲ. ಅದು ಮೂಲೆಯಲ್ಲಿ ತೆಪ್ಪಗೆ ಬಿದ್ದಿರುತ್ತಿತ್ತು, ಬಲಗಾಲು ಕೆಲಸ ಮಾಡುತ್ತಿತ್ತು. ನಡೆಯುವಾಗ ಎಲ್ಲರಿಗಿಂತ ಹಿಂದೆ ಉಳಿಯುತ್ತಿದ್ದ ನಾನು ಆ ಸೀಟಿನಲ್ಲಿ ಕುಳಿತರೆ ಎಲ್ಲರನ್ನೂ ಹಿಂದೆ ಬಿಟ್ಟು ಹೋಗುತ್ತಿದ್ದೆ. ಆ ಖುಷಿಯನ್ನು ಈಗಲೂ ಸರಿಯಾಗಿ ವಿವರಿಸಲಾರೆ.

ಆಗ ಹೊಳೆಗೆ ಸೇತುವೆ ಇರಲಿಲ್ಲ. ದೋಣಿಗಳನ್ನು ಜೋಡಿಸಿ ಮೇಲೆ ಹಲಗೆ ಹೊಡೆದ ಜಂಗಲ್ ಮೇಲೆ ಕಾರು, ಲಾರಿಗಳನ್ನು ದಾಟಿಸುತ್ತಿದ್ದರು. ದಡದಿಂದ ಜಂಗಲ್ಲಿಗೆ ಹಾಸಿದ ಎರಡು ಹಲಗೆಗಳ ಮೇಲೆ ಗಾಡಿ ಹತ್ತಿಸುವುದೆಂದರೆ ದೊಡ್ಡ ದೊಡ್ಡ ಡ್ರೈವರುಗಳೂ ಬೆವರುತ್ತಿದ್ದರು. ನಮ್ಮ ಗಾಡಿ ಬ್ರೇಕು ಸಡಿಲಿಸಿದರೆ ಸಾಕು, ಇರುವೆಯ ಹಾಗೆ ತೆವಳುತ್ತಿತ್ತು.

"ಹ್ವಾಯ್, ಡ್ರೈವರ್ ತಂಗಿ ಬಂತು, ಹಲಗೆ ಹಾಕ್ರಾ," ಎಂದು ಜಂಗಲ್ಲಿನ ಹಿರಿಯ ಕೂಗುತ್ತಿದ್ದ. ಸಾಲಿನಲ್ಲಿ ನಿಂತ ಲಾರಿಯವರಿಗೆ ಕೇಳಲೆಂದೇ ಮುಂದುವರಿಸುತ್ತಿದ್ದ, "ಎರಡು ಕಾಲು ಇದ್ದವ್ರು ಹೊಳಿಗೆ ಇಳಸ್ತ್ರು. ಇದು ನೋಡಿ, ಬೆಣ್ಣೆ ಮೇಲೆ ಹೋದಂಗೆ ಹೋತದೆ."

ಮರುಕವಿಲ್ಲದೆ ನನ್ನ ಕಾಲಿನ ಬಗ್ಗೆ ಮಾತಾಡಿದ ಮೊದಲ ಮನುಷ್ಯ ಅವನು.

ಹೀಗೆ ಅಪ್ಪಯ್ಯನನ್ನು ಪೇಷಂಟುಗಳ ಮನೆಗೆ ಕರೆದೊಯ್ಯುತ್ತ ಎರಡು ವರ್ಷ ಕಳೆಯಿತು. ಒಮ್ಮೆ ಒಬ್ಬಳೇ ಕುಮಟಾದ ತನಕ ಹೋಗಿ ಬಂದೆ. ಯಾವ ಕೆಲಸವೂ ಇರಲಿಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರ ಗಾಡಿ ನಿಲ್ಲಿಸಿ ಒಂದು ಸೋಡಾ ಕುಡಿದು ವಾಪಸಾದೆ. ಜಸ್ಟ್ ಲೈಕ್ ದ್ಯಾಟ್.

ಆಮೇಲೆ ಮಂಕಿಯ ಆ ದಿನ. ಅಪ್ಪಯ್ಯ ಒಂದು ಮನೆಯಲ್ಲಿ ರೋಗಿಯನ್ನು ನೋಡಿ ಬಂದು ಕುಳಿತರು. ಕೀಲಿ ತಿರುಗಿಸಿದರೆ ಗಾಡಿ ಸದ್ದೇ ಮಾಡಲಿಲ್ಲ. ಬ್ಯಾಟರಿ ಸತ್ತಿತ್ತು. ನಮ್ಮ ಕಡೆ ಒಂದು ಪದ್ಧತಿಯಿದೆ, ಇಂದಿಗೂ ಇರಬಹುದು. ಗಾಡಿ ನಿಂತಿತೆಂದರೆ ಯಾರೂ ಕರೆಯಬೇಕಾಗಿಲ್ಲ. ಗದ್ದೆಯಿಂದ, ಅಂಗಡಿಯಿಂದ, ಮೀನು ಒಣಗಿಸುವಲ್ಲಿಂದ ಗಂಡಸರು ಪಂಚೆ ಎತ್ತಿ ಕಟ್ಟುತ್ತ ಬಂದುಬಿಡುತ್ತಾರೆ. ಆವತ್ತೂ ಬಂದರು.

"ಸೆಕೆಂಡಿಗೆ ಹಾಕಿ ಕ್ಲಚ್ ಬಿಡಿ ತಂಗೀ, ನಾವು ದೂಡ್ತ್ರು!"

"ಇದಕ್ಕೆ ಕ್ಲಚ್ ಇಲ್ಲ," ಎಂದೆ.

"ಕ್ಲಚ್ ಇಲ್ದಿದ್ದ ಗಾಡಿ ಎಲ್ಲಿರ್ತದೆ? ಮನೇಲೇ ಬಿಟ್ಟು ಬಂದ್ರ್ಯಾ?"

ನಗೆಯೋ ನಗೆ. ದೂಡಿದರು. ಹಾಗೆ ದೂಡಿ ಸ್ಟಾರ್ಟ್ ಮಾಡುವ ಗಾಡಿ ಅದಲ್ಲ, ಆಗಲಿಲ್ಲ. ಅಷ್ಟರಲ್ಲಿ ಹೊಳೆಯ ಕಡೆ ಹೊರಟಿದ್ದ ಲಾರಿಯೊಂದನ್ನು ಯಾರೋ ನಿಲ್ಲಿಸಿದರು, ಇನ್ಯಾರೋ ದೋಣಿಯ ಹಗ್ಗ ತಂದರು. ಕಾರನ್ನು ಲಾರಿಗೆ ಕಟ್ಟತೊಡಗಿದರು.

ಆ ಪುಸ್ತಕದ ಒಂದು ಪುಟ ನನ್ನ ಕಣ್ಣ ಮುಂದೆ ಬಂತು. ಎಂಜಿನ್ ನಿಂತಿರುವಾಗ, ಹಿಂದಿನ ಚಕ್ರ ನೆಲದ ಮೇಲಿಟ್ಟು, ಗಾಡಿಯನ್ನು ದೂರ ಎಳೆಯಕೂಡದು. ಗೇರ್‌ಬಾಕ್ಸಿನೊಳಗೆ ಎಣ್ಣೆ ಓಡುವುದಿಲ್ಲ, ಸುಟ್ಟುಹೋಗುತ್ತದೆ. ಅದರಡಿ ನಾನೇ ಗೆರೆ ಎಳೆದಿದ್ದೆ. ಆ ಗುಂಪಿನಲ್ಲಿ ಅದು ಗೊತ್ತಿದ್ದವಳು ನಾನೊಬ್ಬಳೇ.

ನಾನು ಸುಮ್ಮನಿದ್ದೆ.

ಯಾಕೆ ಎಂದು ಈ ವಯಸ್ಸಿನಲ್ಲೂ ಕೇಳಿಕೊಳ್ಳುತ್ತೇನೆ. ಇಪ್ಪತ್ತು ಮೂವತ್ತು ಗಂಡಸರು ಸುತ್ತ ನಿಂತಿದ್ದರು. ಅರ್ಧ ಜನ ಗಾಡಿಯನ್ನೂ ಇನ್ನರ್ಧ ಜನ ನನ್ನ ಸೀರೆಯಡಿ ಇಣುಕುತ್ತಿದ್ದ ಕಬ್ಬಿಣವನ್ನೂ ನೋಡುತ್ತಿದ್ದರು. ಕ್ಲಚ್ ಇಲ್ಲವೆಂದದ್ದಕ್ಕೇ ಅಷ್ಟು ನಕ್ಕವರು, ಎಳೆಯಬೇಡಿ ಎಂದರೆ ಇನ್ನೆಷ್ಟು ನಕ್ಕಾರು? ಬೇಗ ಅಲ್ಲಿಂದ ಹೋದರೆ ಸಾಕಾಗಿತ್ತು. ಕಾನ್ವೆಂಟ್ ನನಗೆ ಒಳ್ಳೆಯ ಇಂಗ್ಲಿಷ್ ಕೊಟ್ಟಿತ್ತು. ಗುಂಪಿನ ನಡುವೆ ಕನ್ನಡದಲ್ಲಿ "ನಿಲ್ಲಿಸಿ" ಎನ್ನುವ ಧೈರ್ಯ ಕೊಟ್ಟಿರಲಿಲ್ಲ.

ಲಾರಿ ನಮ್ಮನ್ನು ಹೊಳೆಯ ತನಕ ಎಳೆದು ತಂದಿತು. ದಾರಿಯುದ್ದಕ್ಕೂ ಸ್ಟಿಯರಿಂಗ್ ಹಿಡಿದು, ಕೆಳಗಿನಿಂದ ಬರುವ ಸಣ್ಣ ಕಿರುಗುಟ್ಟುವಿಕೆಗೆ ಕಿವಿಗೊಟ್ಟು ಕುಳಿತಿದ್ದೆ. ಹೊಳೆ ದಾಟಿಸಿ ಮನೆಯ ತನಕ ಜನ ದೂಡಿದರು.

ಮರುದಿನ ಬ್ಯಾಟರಿ ಚಾರ್ಜ್ ಮಾಡಿ ಹಾಕಿದರೆ ಎಂಜಿನ್ ಗರ್ಜಿಸಿತು, ಗಾಡಿ ಅಲುಗಲಿಲ್ಲ. ಕುಮಟಾದಿಂದ ಮೇಸ್ತ್ರಿಯನ್ನು ಕರೆಸಿದರು. ಐವತ್ತು ದಾಟಿದ ಮನುಷ್ಯ, ಯುದ್ಧಕಾಲದಲ್ಲಿ ಮಿಲಿಟರಿ ಲಾರಿಗಳ ಕೆಲಸ ಕಲಿತವರು. ಅಡಿಯಲ್ಲಿ ಮಲಗಿ ಒಂದು ತೊಟ್ಟು ಎಣ್ಣೆ ಬೆರಳಿಗೆ ಹಚ್ಚಿ ಮೂಸಿದರು.

"ಬೆಲ್ಲದ ಪಾಕ ಅಡಿ ಹಿಡ್ದಂಗಾಗದೆ ಡಾಕ್ಟ್ರೆ. ಎಳ್ಸಿದ್ರ್ಯಾ ಇದನ್ನ?"

ಅಪ್ಪಯ್ಯ ಹೌದೆಂದರು. ಮೇಸ್ತ್ರಿ ಹಿಂದಿನ ಚಕ್ರಕ್ಕೆ ಹೋಗುವ ಉದ್ದನೆಯ ಶಾಫ್ಟನ್ನು ಬಿಚ್ಚಿ ಡಿಕ್ಕಿಯಲ್ಲಿಟ್ಟರು, ಆಮೇಲೆ ಗಾಡಿಯನ್ನು ಲಾರಿಗೆ ಕಟ್ಟಿ ಕುಮಟಾಕ್ಕೆ ಎಳೆದುಕೊಂಡು ಹೋದರು. ಶಾಫ್ಟು ಇಲ್ಲದಿದ್ದರೆ ಚಕ್ರ ತಿರುಗಿದರೂ ಗೇರ್‌ಬಾಕ್ಸು ತಿರುಗುವುದಿಲ್ಲ. ಮಂಕಿಯಲ್ಲೂ ಅಷ್ಟೇ ಮಾಡಬೇಕಾಗಿತ್ತು. ನಾಲ್ಕು ಬೋಲ್ಟು.

ಮುಂಬಯಿಗೆ ಕಾಗದ ಬರೆದದ್ದಾಯಿತು. ಆ ಗೇರ್‌ಬಾಕ್ಸಿನ ಸಾಮಾನು ದೇಶದಲ್ಲೇ ಸಿಗುವುದಿಲ್ಲವೆಂದು ಉತ್ತರ ಬಂತು. ಮೇಸ್ತ್ರಿ ಒಂದು ದಾರಿ ಸೂಚಿಸಿದರು. ಹುಬ್ಬಳ್ಳಿಯ ಗುಜರಿಯಲ್ಲಿ ಅದೇ ಕಂಪನಿಯ ಹಳೆಯ ಲಾರಿ ಬಿದ್ದಿದೆ, ಅದರ ಕೈಗೇರಿನ ಬಾಕ್ಸು, ಕ್ಲಚ್ಚು, ಫ್ಲೈವೀಲು ತಂದು ಕೂರಿಸಬಹುದು. ಅಪ್ಪಯ್ಯ ಊಟಕ್ಕೆ ಕುಳಿತಾಗ ಅದನ್ನು ಹೇಳಿದರು, ನನ್ನ ಮುಖ ನೋಡದೆ.

"ಒಳ್ಳೇದೇ ಆತು," ಎಂದಳು ಆಯಿ, ನನ್ನ ಅಮ್ಮ, ಅನ್ನ ಬಡಿಸುತ್ತ. "ಹೆಣ್ಣು ಕೂಸು ಗಾಡಿ ಬಿಡದ್ನ ಊರೇ ಬಾಯಿ ಬಿಟ್ಕಂಡು ನೋಡ್ತಿತ್ತು. ಇನ್ನು ಒಬ್ಬ ಡ್ರೈವರನ್ನ ಇಟ್ಕಂಡ್ರೆ ಆತು."

ನಾನು ಮಜ್ಜಿಗೆ ಕೇಳಿದೆ. ಏನನ್ನಲಿ? ಸುಟ್ಟದ್ದು ಯಾರಿಂದ ಎಂದು ನನಗೆ ಗೊತ್ತಿತ್ತಲ್ಲ.

ಮೇಸ್ತ್ರಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಪುಸ್ತಕದ ಅಳತೆಗಳನ್ನು ಓದಿ ಹೇಳಲು ಡಾಕ್ಟರ ಮಗಳನ್ನು ಕಳಿಸಿ ಎಂದರು. ಹಾಗಾಗಿ ನನ್ನ ಗಾಡಿಯನ್ನು ನನ್ನಿಂದ ಕಸಿಯುವ ಕೆಲಸಕ್ಕೆ ನಾನೇ ಬಸ್ಸಿನಲ್ಲಿ ಹೋಗಿ ಬರತೊಡಗಿದೆ. ವಾಟ್ ಎನ್ ಐರನಿ, ಎಂದು ಆಗ ಡೈರಿಯಲ್ಲಿ ಬರೆದುಕೊಂಡಿದ್ದೆ.

ಆದರೆ ಸುಳ್ಳು ಹೇಳಲಾರೆ, ಆ ಕೆಲಸ ನೋಡಲು ಚಂದವಿತ್ತು. ಎಂಜಿನ್ನಿಗೂ ಹೊಸ ಬಾಕ್ಸಿಗೂ ಬೋಲ್ಟಿನ ತೂತು ಕೂಡಲಿಲ್ಲ, ನಡುವೆ ದಪ್ಪ ತಗಡಿನ ಬಳೆ ಕೊರೆಸಿದರು. ಗೇರ್‌ಬಾಕ್ಸಿನ ಮೂತಿ ಎಂಜಿನ್ನಿನ ಬೆನ್ನಲ್ಲಿ ಕೂರುವ ಜಾಗಕ್ಕೆ ಒಂದು ಬುಶ್, ಅಂದರೆ ಲೋಹದ ಗಿಡ್ಡ ಕೊಳವೆ, ಬೇಕಿತ್ತು. ಬಂದರಿನ ಹಳೆಯ ಲಾಂಚಿನ ಕಂಚಿನ ಬುಶ್ಶನ್ನೇ ಲೇತಿನಲ್ಲಿ ಕಡೆಸಿ ಕೂರಿಸಿದರು. ಶಾಫ್ಟನ್ನು ಒಂದು ಗೇಣು ಕತ್ತರಿಸಿ ಬೆಸೆದರು. ನೆಲದ ತಗಡಿನಲ್ಲಿ ತೂತು ಮಾಡಿದರು. ಅದರೊಳಗಿನಿಂದ ಗೇರಿನ ಕೋಲು ಎದ್ದು ಬಂತು, ಎಡಗೈಗೆ ಸಿಗುವ ಹಾಗೆ.

ಕೊನೆಗೆ ಉಳಿದದ್ದು ಕ್ಲಚ್ ಪೆಡಲ್. ಮೇಸ್ತ್ರಿ ಸೀಮೆಸುಣ್ಣ ಹಿಡಿದು ಬಂದರು.

"ತಂಗೀ, ಒಂಚೂರು ಸೀಟ್ ಮೇಲೆ ಕೂತ್ಕಳಿ. ಕಾಲು ಎಲ್ಲಿಗೆ ಬತ್ತದೆ ನೋಡ್ವ."

ಕುಳಿತೆ. ಬಲಗಾಲು ತನ್ನ ಜಾಗಕ್ಕೆ ತಾನೇ ಹೋಯಿತು. ಎಡಗಾಲನ್ನು ಎರಡೂ ಕೈಯಿಂದ ಎತ್ತಿ ಒಳಗಿಟ್ಟೆ.

ಮೇಸ್ತ್ರಿ ನೋಡುತ್ತ ನಿಂತರು. "ಗಾಡಿ ಬಿಡೂದು ಯಾರು? ಡಾಕ್ಟ್ರೇ ಅಲ್ವಾ?"

ಮತ್ತೆ ಅದೇ ಕ್ಷಣ. ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತು.

"ಅಲ್ಲ. ನಾನು," ಎಂದೆ. "ಎರಡು ವರ್ಷದಿಂದ ನಾನೇ ಬಿಡ್ತಿದ್ದೆ. ನಂಗೆ ಇನ್ನೂ ಬಿಡಬೇಕು."

"ಅಯ್ಯ ಮಾರಾಯ್ತಿ!" ಸೀಮೆಸುಣ್ಣ ನೆಲಕ್ಕೆ ಹಾಕಿ ಅವರು ತಲೆ ಮೇಲೆ ಕೈಯಿಟ್ಟರು. "ಹದಿನೈದು ದಿನದಿಂದ ಬಾಯಲ್ಲಿ ಕಡುಬು ಇಟ್ಕಂಡಿದ್ರ್ಯಾ? ಬೋಲ್ಟಿನ ಸೈಜ್ ಹೇಳೂಕೆ ಬಾಯಿ ಬತ್ತದೆ, ಇದು ಹೇಳೂಕೆ ಬತ್ತಿಲ್ವಾ?"

ಆ ಬೈಗುಳ ನನಗೆ ಎಷ್ಟು ಹಿತವಾಯಿತೆಂದರೆ ಅಳು ಬಂತು. ಅವರು ಗಾಬರಿಯಾಗಿ ಚಹಾ ತರಿಸಿದರು.

ಎರಡು ದಿನ ಬಿಟ್ಟು ಹೋದಾಗ ಕ್ಲಚ್ ಪೆಡಲ್ ತನ್ನ ಜಾಗದಲ್ಲಿತ್ತು. ಜೊತೆಗೆ ಬಾಗಿಲ ಪಕ್ಕ, ನನ್ನ ಬಲಗೈ ಕಡೆ, ಲಾರಿಯ ಹ್ಯಾಂಡ್‌ಬ್ರೇಕಿನ ಉದ್ದನೆಯ ಕೋಲೊಂದು ನಿಂತಿತ್ತು. ಅದನ್ನು ಎಳೆದರೆ ಅಡಿಯ ಸರಳು ಪೆಡಲನ್ನು ತಾನೇ ಒತ್ತುತ್ತಿತ್ತು. ಮೊದಲು ಅದಕ್ಕೆ ಹಲ್ಲುಗಳಿದ್ದವು, ಎಳೆದಲ್ಲಿ ಹಿಡಿದು ನಿಲ್ಲುತ್ತಿತ್ತು. ಆದರೆ ಬಿಡಿಸಿದಾಗ ಕೋಲು ಒಮ್ಮೆಲೇ ಕಳಚಿ, ಗಾಡಿ ಕಪ್ಪೆಯಂತೆ ಹಾರಿ ಮೇಸ್ತ್ರಿಯ ಹಳೆ ಟೈರಿನ ರಾಶಿಗೆ ನುಗ್ಗಿತು. ಮೇಸ್ತ್ರಿ ಬೈದುಕೊಳ್ಳುತ್ತ ಹಲ್ಲುಗಳನ್ನು ಅರದಿಂದ ತಿಕ್ಕಿ ತೆಗೆದರು. ಈಗ ಮೆಲ್ಲಗೆ ಬಿಡಬಹುದಾಗಿತ್ತು, ಆದರೆ ಅಷ್ಟು ಹೊತ್ತೂ ಬಲಗೈಯಲ್ಲಿ ಹಿಡಿದೇ ಇರಬೇಕು. ಎಡಗೈಗೆ ಗೇರು.

"ಸ್ಟಿಯರಿಂಗ್?" ಎಂದು ಕೇಳಿದೆ.

ಮೇಸ್ತ್ರಿ ಗಡ್ಡ ಕೆರೆದುಕೊಂಡರು. "ದೇವ್ರು ಮೂರು ಕೈ ಕೊಟ್ಟಿದ್ರೆ ಚಲೋ ಇತ್ತು. ಪಕ್ಕದಲ್ಲಿ ಯಾರಾದ್ರೂ ಇರ್ಲಿ ತಂಗಿ. ಒಬ್ರೇ ಹೋಗೂದ್ ಬ್ಯಾಡ."

ಒಬ್ಬಳೇ ಹೋಗಿ ಸೋಡಾ ಕುಡಿದು ಬರುವುದು ಅಲ್ಲಿಗೆ ಮುಗಿಯಿತು. ಅದು ತಿಳಿದೇ ಗಾಡಿ ತೆಗೆದುಕೊಂಡು ಬಂದೆವು.

ಆಯಿ ಒಬ್ಬ ಡ್ರೈವರನ್ನು ಗೊತ್ತುಮಾಡಿದ್ದಳು. ಅಪ್ಪಯ್ಯ ಅವನನ್ನು ವಾಪಸು ಕಳಿಸಿ, ಬ್ಯಾಗು ಹಿಡಿದು ನನ್ನ ಪಕ್ಕದ ಸೀಟಿನಲ್ಲಿ ಕುಳಿತರು. ಮಂಕಿಗೆ ಹೋಗಬೇಕಿತ್ತು. ಜಂಗಲ್ಲಿನ ಹಲಗೆಯ ಮುಂದೆ ಕೋಲನ್ನು ಬೇಗ ಬಿಟ್ಟುಬಿಟ್ಟೆ. ಗಾಡಿ ಎರಡು ಸಲ ಜಗ್ಗಿ ಆಫ್ ಆಯಿತು.

"ಎಂತಾ ಡ್ರೈವರ್ ತಂಗಿ, ಬೆಣ್ಣೆ ಕರಗ್ಹೋಯ್ತಾ?" ಹಿರಿಯ ಕೂಗಿದ. ಮೂರನೆಯ ಸಲ ಹತ್ತಿತು.

ಆಚೆ ದಡ ಸೇರಿ ನೇರ ರಸ್ತೆಗೆ ಬಂದೆವು. ಒಂದರಿಂದ ಎರಡಕ್ಕೆ ಗೇರು ಬದಲಿಸಬೇಕು. ಬಲಗೈ ಕೋಲಿಗೆ, ಎಡಗೈ ಗೇರಿಗೆ. ಸ್ಟಿಯರಿಂಗ್ ಅನಾಥವಾಗಿ ಒಂದು ಕ್ಷಣ ತನ್ನಷ್ಟಕ್ಕೆ ನಡುಗಿತು. ಆಗ ಅಪ್ಪಯ್ಯನ ಬಲಗೈ ಮೆಲ್ಲಗೆ ಬಂದು ಅದರ ಮೇಲೆ ಕುಳಿತಿತು. ನಾಡಿ ಹಿಡಿಯುವ ಹಾಗೆ, ಮೂರೇ ಬೆರಳು. ನನ್ನ ಕೈ ಮರಳಿದ ಕೂಡಲೇ ಅದು ಹಿಂದೆ ಸರಿಯಿತು. ಮಂಕಿಯ ತನಕ ನಾನು "ಗೇರ್" ಎನ್ನುವುದು, ಅವರು ಕೈಯಿಡುವುದು.

ಅವತ್ತು ಹಗ್ಗ ಕಟ್ಟಿದ ಜಾಗ ಬಂತು. ಗಾಡಿ ನಿಧಾನ ಮಾಡಿದೆ.

"ಅಪ್ಪಯ್ಯ, ಎಳೆಯಲಾಗ ಹೇಳಿ ಪುಸ್ತಕದಲ್ಲಿ ಇತ್ತು. ನಂಗೆ ಗೊತ್ತಿತ್ತು. ನಾ ಹೇಳಿದ್ನಿಲ್ಲೆ."

ಅವರು ರಸ್ತೆಯನ್ನೇ ನೋಡುತ್ತಿದ್ದರು. "ಗೊತ್ತಿದ್ದು ಕೂಸೆ. ಮುಂಬೈಗೆ ಕಾಗದ ಬರೆಯಕ್ಕಾರೆ ಪುಸ್ತಕ ತೆಗೆದಿದ್ದೆ. ನಿನ್ನ ಪೆನ್ಸಿಲ್ ಗೆರೆ ಇತ್ತು."

"ಮತ್ತೆ ಎಂತಕ್ಕೆ ಕೇಳಿದ್ದಿಲ್ಲೆ?"

"ಪುಸ್ತಕ ಅಲ್ಲೇ ಗ್ಲೋವ್ ಬಾಕ್ಸಲ್ಲಿ ಇತ್ತು. ಎರಡು ವರ್ಷ ನಾನೂ ಅದನ್ನ ತೆಗೆದು ನೋಡಿದ್ನಿಲ್ಲೆ. ಗಾಡಿ ನಂದು," ಎಂದರು. ಆಮೇಲೆ, "ಎಂಜಿನ್ ಒದ್ದಾಡ್ತಾ ಇದ್ದು. ಗೇರ್ ಇಳಿಸು," ಎಂದವರೇ, ನಾನು "ಗೇರ್" ಎನ್ನುವ ಮೊದಲೇ ಸ್ಟಿಯರಿಂಗ್ ಮೇಲೆ ಕೈಯಿಟ್ಟರು.