ಎಡಗೈ ಎತ್ತಿದ ಕ್ಲಾಸು

ಹೈದರಾಬಾದಿನ್ಯಾಗ ಎಂ.ಎಸ್ಸಿ. ನರ್ಸಿಂಗಿಗೆ ಸೇರಿದಾಗ ನಾನು ವರ್ಷಗಟ್ಟಲೆ ವಾರ್ಡಿನ್ಯಾಗ ದುಡಿದಾಕಿ. ಇಂಜೆಕ್ಷನ್ ಕೊಡಂದ್ರ ಕಣ್ಣು ಮುಚ್ಚಿ ಕೊಡ್ತಿದ್ದೆ. ಕಲಿಸಂದ್ರ ಮಾತ್ರ ಏನರ ನೆವ ಹೇಳಿ ಜಾರಿಕೊಳ್ತಿದ್ದೆ.

ನಾವು ಟೀಚರ್ ಆಗಬೇಕಂದ್ರ ಬಿ.ಎಸ್ಸಿ. ಹುಡುಗಿಯರಿಗೆ ಪಾಠ ಮಾಡಿ ತೋರಿಸ್ಬೇಕು. ಹಿಂದಿನ ಬೆಂಚಿನ್ಯಾಗ ಗೈಡ್ ಮೇಡಂ ಕುಂತು ಮಾರ್ಕ್ಸ್ ಹಾಕ್ತಾರ. ಅದಕ್ಕ ನಮ್ಮ ಸೀನಿಯರ್ಸ್ ಒಂದು ಉಪಾಯ ಹೇಳಿಕೊಟ್ಟಿದ್ರು. ಹಿಂದಿನ ದಿನ ಹುಡುಗಿಯರನ್ನ ಕೂಡಿಸಿ, ಸಮೋಸಾ ತಿನಿಸಿ, ತಾಲೀಮು ಮಾಡಿಸೋದು: ಪ್ರಶ್ನೆ ಕೇಳಿದ ಕೂಡಲೇ ಎಲ್ಲಾರೂ ಕೈ ಎತ್ತಬೇಕು, ಉತ್ತರ ಗೊತ್ತಿದ್ರ ಬಲಗೈ, ಇಲ್ಲಂದ್ರ ಎಡಗೈ. ನಾನೂ ಹಂಗ ಮಾಡಿಸಿದೆ.

ನನ್ನ ಪಾಠ ಇನ್ಸುಲಿನ್. ಪ್ರಶ್ನೆ ಕೇಳಿದ್ದೇ ತಡ, ಕ್ಲಾಸ್ ತುಂಬ ಕೈ! ಬಲಗೈ ಹುಡುಕಿ ಹುಡುಕಿ ಎಬ್ಬಿಸಿದೆ. ಅಬ್ಬಾ, ಏನು ಉಬ್ಬಿದ್ನೆವ್ವಾ ಆವತ್ತು. ಎಡಗೈ ಎಷ್ಟದಾವ ಅಂತ ನೋಡೋ ಖಬರು ಸುದ್ದಾ ಇರಲಿಲ್ಲ.

ಅಷ್ಟ್ರಾಗ ಮೇಡಂ ಎದ್ದು ಬಂದ್ರು. ಎಡಗೈ ಎತ್ತಿಕೊಂಡು ಕುಂತಿದ್ದ ಬೀದರ ಕಡೆ ಹುಡುಗಿಯೊಬ್ಬಾಕಿನ್ನ ಕರದು, ‘ಇಪ್ಪತ್ತು ಯೂನಿಟ್ ತಗೊಂಡು ತೋರಿಸು’ ಅಂದ್ರು. ಟೇಬಲ್ ಮ್ಯಾಲಿನ ಬಾಟ್ಲಿ ಜೋರಿನ ಔಷಧದ್ದು, ಅದಕ್ಕ ಸಿರಿಂಜೂ ಬ್ಯಾರೆ. ಪಾಪ, ಆಕಿ ಕಡಿಮಿ ಜೋರಿನ ಔಷಧದ ಸಿರಿಂಜ್ ಹಿಡಿದು ಇಪ್ಪತ್ತರ ಗೆರಿತನಕ ಎಳದ್ಲು. ಹಂಗ ಕೊಟ್ರ ಔಷಧ ಎರಡೂವರೆ ಪಟ್ಟು ಹೋಗಿ ಪೇಶಂಟಿನ ಜೀವಕ್ಕ ಬರ್ತೈತಿ.

ಮೇಡಂ ಮಾರಿ ಕೆಂಪಾತು. ಹುಡುಗಿ ನನ್ನ ಕಡೆ ನೋಡಿ, ‘ನಂದೇ ತಪ್ಪು ಮೇಡಂ, ಅಕ್ಕ ಸರಿಯಾಗೇ ಹೇಳಿದ್ರು’ ಅಂತ ಮೇಡಂಗ ತಿಳಿಯೋ ಹಂಗ ಹಿಂದಿಯೊಳಗ ಅಂದ್ಲು. ಸಿರಿಂಜಿನ ಫರಕು ನಾನು ಹೇಳೇ ಇರಲಿಲ್ಲ; ನನ್ನ ಉಳಿಸಾಕ ಸಣ್ಣ ಹುಡುಗಿ ಸುಳ್ಳು ಹೇಳಾಕತ್ತಿದ್ಲು! ತಡಿಲಾರದ, ಕೈ ಎತ್ತಿಸಿದ್ದೆಲ್ಲಾ ಬಾಯಿಬಿಟ್ಟೆ.

ಮೇಡಂ ಬೈಲಿಲ್ಲ, ಬೈದಿದ್ರ ಹಗುರಾಗತಿದ್ದೆ. ‘ಯಾರ್ಯಾರಿಗೆ ತಿಳಿದಿಲ್ಲ, ನಿಲ್ಲರಿ’ ಅಂದ್ರು. ಒಬ್ಬೊಬ್ಬರೇ ಎದ್ದು ಹೆಚ್ಚೂಕಡಿಮಿ ಇಡೀ ಕ್ಲಾಸೇ ನಿಂತಿತು. ನಾಚಿಕಿಗೆ ನನಗ ತಲಿ ಎತ್ತಾಕಾಗಲಿಲ್ಲ. ‘ಸೋಮವಾರ ಇವರು ವಾರ್ಡಿಗೆ ಹೋಗ್ತಾರ. ಮಾರ್ಕ್ಸ್ ಆಮ್ಯಾಲೆ ನೋಡೋಣು, ಈಗ ಕಲಿಸು’ ಅಂತ ಮೇಡಂ ಹೋಗಿ ಕುಂತ್ರು.

ಬೀದರದ ಹುಡುಗಿ ಇನ್ನೂ ಬಾಜೂಕ ನಿಂತಿದ್ಲು. ‘ಎಲ್ಲಿಂದ ಹೇಳಲವ್ವಾ?’ ಅಂತ ಆಕಿನ್ನೇ ಕೇಳಿದೆ.

ಆಕಿ ಸಣ್ಣ ದನಿಲೆ, ಕನ್ನಡದಾಗ ಅಂದ್ಲು: ‘ಮೊದಲಿಂದ್ಲೇ ಹೇಳ್ರಿ ಅಕ್ಕಾ. ನಿನ್ನೆ ನೀವು ಕೈ ಎತ್ತೋದಷ್ಟೇ ಕಲಿಸಿದ್ರಿ.’