ಹೊಸ್ತಿಲ ಮೇಲಿನ ಹಳದಿ ವಯರು

ಬೇರೆಯವರ ಮನೇಲಿ ಇಂಟರ್ನೆಟ್ ಗಾಳೀಲಿ ಬರ್ತಿತ್ತು, ಅಟ್ಟೂರಿನ ನಮ್ಮ ಮನೇಲಿ ಮಾತ್ರ ನೆಲದ ಮೇಲೆ ತೆವಳ್ಕೊಂಡು ಬರ್ತಿತ್ತು. ಮುಂದಿನ ರೂಮಿನ ಮೋಡೆಮ್‌ನಿಂದ ಹೊರಟ ಹಳದಿ ವಯರು ಒಳರೂಮಿನ ಹೊಸ್ತಿಲು ದಾಟಿ ನಮ್ಮ ಯಜಮಾನರ ಮಂಚದ ತನಕ ಹೋಗ್ತಿತ್ತು. ಎಷ್ಟು ಸಲ ಎಡವಿದ್ದೀನೋ!

ಇವರು ಲ್ಯಾಪ್‌ಟಾಪಿಗೆ ವಿಂಡೋಸ್ ತೆಗೆದು ಲಿನಕ್ಸ್ ಅನ್ನೋ ಬಿಟ್ಟಿ ಸಿಸ್ಟಮ್ಮು ಹಾಕ್ಕೊಂಡಿದ್ದರು. ಒಳಗಿನ ವೈಫೈ ಚಿಪ್ಪು ಕಣ್ಣು ಬಿಡಬೇಕಾದ್ರೆ ಫರ್ಮ್‌ವೇರ್ ಅನ್ನೋ ಪುಟ್ಟ ಫೈಲು ಬೇಕಂತೆ. ಚಿಪ್ಪಿನ ಕಂಪನಿಯವರು ಅದನ್ನ ವಿಂಡೋಸ್‌ನವರಿಗೆ ಮಾತ್ರ ಕೊಟ್ಟಿದ್ದರು. ಇವರು ಮೇಲ್ ಬರೆಯೋರು, ಅವರು "ದಯವಿಟ್ಟು ವಿಂಡೋಸ್ ಹಾಕಿ ನೋಡಿ" ಅನ್ನೋರು. ಅವರ ಮುಖಕ್ಕಿಷ್ಟು! "ಹಾಕ್ಕೊಂಡ್ರೆ ನಿಮ್ಮ ಗಂಟೇನ್ ಹೋಗತ್ತೆ?" ಅಂದ್ರೆ, "ದುಡ್ಡು ಕೊಟ್ಟು ತಂದ ಸಾಮಾನು ನನ್ ಮಾತು ಕೇಳ್ಬೇಕು ಕಣೇ" ಅಂತಿದ್ದರು.

ಕಾಯಿಲೆ ಬಂದು ಜಾಲಹಳ್ಳಿಯ ಫ್ಯಾಕ್ಟರಿ ಕೆಲಸ ಬಿಟ್ಟ ಮೇಲೆ ಮಂಚದಲ್ಲೇ ಕೂತು ಲಿನಕ್ಸಿನ ಮೆನುಗಳನ್ನ ಕನ್ನಡಕ್ಕೆ ತರ್ತಿದ್ದರು. ಡಾಕ್ಟರು ಬೆಳಗಿನ ಬಿಸಿಲಲ್ಲಿ ಕೂರೋಕೆ ಹೇಳಿದ್ದರು. ಅತ್ತೆ ದಿನಾ ಗೇಟಿನ ಹತ್ರ ಕುರ್ಚಿ ಹಾಕಿ ಬಂದು ಮಗನ್ನ ಕರೆಯೋರು. "ವಯರಿಲ್ದೆ ಇದನ್ನ ಹಿಡ್ಕೊಂಡು ಬರೋ ಹಾಗಾಗ್ಲಿ, ಆವತ್ತು ಬಂದು ಕೂತ್ಕೋತೀನಮ್ಮ" ಅಂತ ಇವರು ಲ್ಯಾಪ್‌ಟಾಪ್ ತೋರಿಸೋರು. ಉದ್ದದ ವಯರು ತರಿಸ್ತೀನಿ ಅಂತ ನಾನಂದ್ರೂ ಕೇಳ್ಲಿಲ್ಲ. ಹಟ ಅಂದ್ರೆ ಹಟ.

ಪ್ರತಿ ಶುಕ್ರವಾರ ಅತ್ತೆ ಆ ಒಳರೂಮಿನ ಹೊಸ್ತಿಲನ್ನೂ ತೊಳೆದು, ಅರಿಶಿನ ಹಚ್ಚಿ ರಂಗೋಲಿ ಎಳೆಯೋವಾಗ ವಯರು ಬಂದ ಕಡೆ ಕೈ ಎತ್ತಿ, ಆಚೆಯಿಂದ ಮತ್ತೆ ಶುರು ಮಾಡೋರು. ಆ ರಂಗೋಲಿಯ ನಡುವೆ ಯಾವಾಗಲೂ ಒಂದು ಸಂದು ಇರ್ತಿತ್ತು.

ಚಳಿಗಾಲದಲ್ಲಿ ಇವರು ಹೋದರು. ಬಿಸಿಲಿಗೆ ಬರಲೇ ಇಲ್ಲ. ನನಗೆ ಅಳು ಬರ್ಲಿಲ್ಲ. ಬಂದೋರು ಏನೇನೋ ಹೇಳಿದರು, ಹೂಂ ಹೂಂ ಅಂತಿದ್ದೆ.

ಸೂತಕ ಕಳೆದು ಎಷ್ಟೋ ದಿನಕ್ಕೆ, ಗೋಡೆಗೆ ಹಾಕೋಕೊಂದು ಫೋಟೋ ಹುಡುಕೋಣ ಅಂತ ಲ್ಯಾಪ್‌ಟಾಪ್ ತೆಗೆದೆ. ಅಪ್‌ಡೇಟ್ ಕೇಳ್ತು, ಒತ್ತಿದೆ. ಮತ್ತೆ ಆನ್ ಆದಾಗ ಮೂಲೇಲಿ ವೈಫೈ ಗುರುತು ಕಾಣಿಸ್ತು. ಕಂಪನಿಯವರು ಕೊನೆಗೂ ಆ ಫೈಲು ಬಿಟ್ಟಿದ್ದರು. ಖುಷಿನೂ ಆಗ್ಲಿಲ್ಲ, ಸಿಟ್ಟೂ ಬರ್ಲಿಲ್ಲ. ವಯರು ಸುತ್ತಿ ಕಪಾಟಿಗೆ ಹಾಕಿದೆ.

ಆ ಶುಕ್ರವಾರ ಅತ್ತೆ ಎಂದಿನ ಹಾಗೆ ಹೊಸ್ತಿಲ ನಡುವೆ ಕೈ ಎತ್ತಿದರು. "ಅತ್ತೆ, ಈಗ ವಯರು ಬೇಕಾಗಿಲ್ಲ. ಇಂಟರ್ನೆಟ್ ಹಾಗೇ ಬರತ್ತೆ" ಅಂದೆ.

ಅವರ ಮುಖ ಅರಳಿತು. "ಹೌದೇನೇ? ಹಂಗಾದ್ರೆ ಕುರ್ಚಿ ಹಾಕ್ತೀನಿ, ಕರಿ ಅವನ್ನ" ಅಂತ ಎದ್ದರು. ಕುರ್ಚಿ ಎತ್ತಿಕೊಂಡವರು ಬಾಗಿಲಲ್ಲೇ ನಿಂತುಬಿಟ್ಟರು.

ಅವರ ಕೈಯಿಂದ ಕುರ್ಚಿ ಇಸ್ಕೊಂಡು, ಗೇಟಿನ ಹತ್ರ ಬಿಸಿಲಲ್ಲಿ ಹಾಕಿ ಬಂದೆ.