ಬೀಗಿತ್ತಿಗೆ ಕೊಟ್ಟ ಉಲ್ಲನ್ ದಾರ

ಹೊಟ್ಟೆಕಿಚ್ಚು ಅಂದರೇನೆಂದು ದುರ್ಗಿಗುಡಿಯ ದಾಕ್ಷಾಯಣಮ್ಮನಿಗೆ ಅರವತ್ತು ದಾಟುವವರೆಗೂ ಗೊತ್ತಿರಲಿಲ್ಲವಂತೆ. ಹಾಗೆಂದು ಅವರೇ ಹೇಳಿಕೊಳ್ಳುತ್ತಿದ್ದರು, ನಂಬುವವರು ನಂಬಲಿ!

ಅವರ ಹೆಗ್ಗಳಿಕೆ ದಾರದಾಟ. ಎರಡು ತುದಿ ಸೇರಿಸಿ ಗಂಟು ಹಾಕಿದ ಹತ್ತಿಯ ದಾರವನ್ನು ಬೆರಳುಗಳಿಗೆ ಸಿಕ್ಕಿಸಿ, ಎಳೆದು, ದಾಟಿಸಿ, ನೋಡನೋಡುತ್ತಲೇ ತೊಟ್ಟಿಲು ಮಾಡುತ್ತಿದ್ದರು; ಇನ್ನೊಮ್ಮೆ ತಿರುವಿದರೆ ಮಂಚ, ಮತ್ತೊಮ್ಮೆ ಕಾಗೆ ಕಾಲು. ಚಿಕ್ಕಂದಿನಲ್ಲಿ ಮಾಳಿಗೆಯ ಮೇಲೆ ಹಪ್ಪಳ ಕಾಯುವಾಗ ಅಕ್ಕನಿಂದ ಕಲಿತದ್ದು. ಮದುವೆ ಮನೆಯಾಗಲಿ, ಆಸ್ಪತ್ರೆಯ ಬೆಂಚಾಗಲಿ, ಅಳುವ ಮಗು ಕಂಡರೆ ಸೊಂಟದಿಂದ ದಾರ ಹೊರಗೆ ಬರುತ್ತಿತ್ತು. ಮಗನ ಮಗಳು ಸಿರಿಯಂತೂ ಆ ದಾರ ನೋಡುತ್ತಲೇ ಬೆಳೆದವಳು.

ಈ ದಸರಾ ರಜೆಗೆ ಸಿರಿ ಭದ್ರಾವತಿಗೆ, ತಾಯಿಯ ತಾಯಿ ಹಾಲಮ್ಮನ ಮನೆಗೆ ಹೋದಳು. ಎರಡು ದಿನಕ್ಕೆಂದು ಹೋದವಳು ವಾರವಾದರೂ ಬರಲಿಲ್ಲ. ಫೋನಿನಲ್ಲಿ ಒಂದೇ ರಾಗ.

"ಅಜ್ಜಿ, ಭದ್ರಾವತಿ ಅಜ್ಜಿ ಮೊಬೈಲ್ ನೋಡ್ಕೊಂಡು ದಾರದಲ್ಲಿ ಎಷ್ಟೆಲ್ಲಾ ಮಾಡೋದು ಕಲ್ತಿದಾರೆ ಗೊತ್ತಾ! ಹಿಮದ ದೇಶದೋರ ಕರಡಿ, ಆಫ್ರಿಕಾದೋರ ಗುಡಿಸ್ಲು, ಯಾವ್ದೋ ದ್ವೀಪದೋರ ಮೀನು! ನಿಂಗೆ ಮಂಚ ಬಿಟ್ರೆ ಇನ್ನೇನ್ ಬರುತ್ತೆ?"

ದಾಕ್ಷಾಯಣಮ್ಮನ ಹೊಟ್ಟೆಗೆ ಬೆಂಕಿ ಬಿತ್ತು. ಮೊಬೈಲ್ ನೋಡಿ ಕಲಿತ ವಿದ್ಯೆಯಂತೆ, ಮಣ್ಣಂಗಟ್ಟಿ! ಹಾಲಮ್ಮನಿಗೆ ಈ ಆಟದ ಹುಚ್ಚು ಹತ್ತಿಸಿದ್ದೇ ತಾವು, ಬೀಗರ ಊಟದ ದಿನ. ಅಂಥವಳು ಈಗ ಮೀನು ತೋರಿಸಿ ಮೊಮ್ಮಗಳನ್ನೇ ಇಟ್ಟುಕೊಳ್ಳುವುದೇ?

ಮಾರನೆಯ ದಿನವೇ ಗಾಂಧಿ ಬಜಾರಿನಲ್ಲಿ ಗುಲಾಬಿ ಬಣ್ಣದ ಉಲ್ಲನ್ ದಾರ ಕೊಂಡು ಭದ್ರಾವತಿಯ ಬಸ್ಸು ಹತ್ತಿದರು. ಈ ಆಟಕ್ಕೆ ಉಲ್ಲನ್ ಆಗಿಬರುವುದಿಲ್ಲ, ಎಳೆಗೆ ಎಳೆ ಹಿಡಿದುಕೊಳ್ಳುತ್ತದೆ, ಬೆರಳಿನಿಂದ ಜಾರುವುದೇ ಇಲ್ಲ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಹಾಲಮ್ಮನ ಮೀನು ಸಿರಿಯ ಕಣ್ಣೆದುರೇ ಕಗ್ಗಂಟಾಗಬೇಕು. ಹುಡುಗಿ ಮುಖ ಸಿಂಡರಿಸಿ ಸಂಜೆಯ ಬಸ್ಸಿಗೆ ತಮ್ಮ ಜೊತೆ ಹೊರಡಬೇಕು. ಅವರಿಗೆ ಬೇಕಾದದ್ದು ಅಷ್ಟೇ.

"ನಿಮ್ಮ ದಾರ ಮಾಸಿರುತ್ತೆ ಅಂತ ಬಣ್ಣದ್ದು ತಂದೆ ಕಣ್ರೀ. ಏನೋ ಮೀನು ಮಾಡ್ತೀರಂತಲ್ಲ, ನಾನೂ ನೋಡ್ತೀನಿ," ಎಂದರು ನಯವಾಗಿ.

"ಅಯ್ಯೋ ನಮ್ಮವ್ವ, ಎಷ್ಟು ಚೆನ್ನಾಗಿದೆ! ನಂಗೋಸ್ಕರ ತಂದ್ರಾ?" ಹಾಲಮ್ಮ ಅಲ್ಲೇ ಗಂಟು ಹಾಕಿ ಕೂತರು.

ನಾಲ್ಕು ಸಲ ಎಳೆಯುವಷ್ಟರಲ್ಲಿ ದಾರ ಹತ್ತೂ ಬೆರಳಿಗೆ ಸುತ್ತಿ ಬಿಗಿದುಕೊಂಡಿತು. "ಥೂ, ಕೈಗೆ ಕೋಳ ಬಿತ್ತಲ್ಲೇ ಸಿರಿ!" ಎಂದು ಹಾಲಮ್ಮ ಕಿರುಚಿದರು. ದಾಕ್ಷಾಯಣಮ್ಮನಿಗೆ ಸ್ವರ್ಗಕ್ಕೆ ಮೂರೇ ಗೇಣು.

ಸಿರಿ ಮುಖ ಸಿಂಡರಿಸಲಿಲ್ಲ. ಬಿದ್ದು ಬಿದ್ದು ನಕ್ಕಳು. ಹಾಲಮ್ಮನಿಗೆ ಅಂಟಿ ಕೂತು ಒಂದೊಂದೇ ಎಳೆ ಬಿಡಿಸತೊಡಗಿದಳು. ದಾಕ್ಷಾಯಣಮ್ಮ ಗಾಬರಿಯಿಂದ ಕತ್ತರಿ ಹುಡುಕಿದರೆ, "ಬೇಡ ಬೇಡ, ಇದೇ ಮಜಾ!" ಎಂದಳು. ಪಾಪ, ಕೈ ಕಟ್ಟಿದೆಯೆಂದು ಖಾರ ಮಂಡಕ್ಕಿ ತಂದು ಹಾಲಮ್ಮನ ಬಾಯಿಗೆ ತಾನೇ ತುತ್ತಿಟ್ಟಳು, ಅವರದೇ ಸೆರಗಿನಿಂದ ಬಾಯಿ ಒರೆಸಿದಳು. ಹುಟ್ಟಿದಾಗಿನಿಂದ ಸಾಕಿದ ದಾಕ್ಷಾಯಣಮ್ಮನಿಗೆ ಅಂಥ ಒಂದು ತುತ್ತು ಸಿಕ್ಕಿರಲಿಲ್ಲ.

"ಬಸ್ಸಿಗೆ ಹೊತ್ತಾಯ್ತು, ನಡಿಯೇ," ಎಂದರು.

"ನೀನ್ ಹೋಗಜ್ಜಿ, ಇನ್ನೂ ಎಡಗೈ ಬಿಡಿಸೋದಿದೆ," ಎಂದಳು ಸಿರಿ, ತಲೆ ಎತ್ತದೆ. "ಮುಂದಿನ್ ಸಲ ಬರೋವಾಗ ಇಂಥದ್ದೇ ಇನ್ನೊಂದು ದಾರ ತಗೊಂಡ್ ಬಾ."